ಮೋಡದ ಮಾತು ಬಿಟ್ಟು ಸರಪಳಿ ಹಿಡಿದ ಮೇಲೆ

ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ತಾಲ್ಲೂಕು ಕಚೇರಿಯ ಗೇಟಿಗೆ ಎದುರಾಗಿ, ಹತ್ತೊಂಬತ್ತು ವರ್ಷಗಳಿಂದ ನಾನು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಜೆರಾಕ್ಸ್ ಎಂಬುದು ಬೋರ್ಡಿನ ಮೇಲಿನ ಮಾತು. ಅಂಗಡಿಯ ಅನ್ನ ಹುಟ್ಟುವುದು ಅರ್ಜಿಗಳಿಂದ. ಪೌತಿ ಖಾತೆ, ಪೋಡಿ, ಪಹಣಿ ತಿದ್ದುಪಡಿ, ಬಗರ್ ಹುಕುಂ, ಹೀಗೆ ಜನ ತಮ್ಮ ಸಂಕಟವನ್ನು ಬಾಯಲ್ಲಿ ಹೇಳುತ್ತಾರೆ, ನಾನು ಅದನ್ನು 'ಮಾನ್ಯರೇ' ಎಂದು ಆರಂಭಿಸಿ ಒಂದು ಪುಟಕ್ಕೆ ಇಳಿಸುತ್ತೇನೆ. ಆದ್ದರಿಂದ 2023ರಲ್ಲಿ ನಮ್ಮೂರಿನ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವ ಯೋಜನೆ ಬಂದು, ಅದನ್ನು ವಿರೋಧಿಸಬೇಕೆಂದು ಊರು ತೀರ್ಮಾನಿಸಿದಾಗ, ಆ ವಿರೋಧವನ್ನು ಕಾಗದಕ್ಕೆ ಇಳಿಸುವ ಕೆಲಸ ಯಾರೂ ಹೇಳದೆಯೇ ನನ್ನ ಮೇಜಿನ ಮೇಲೆ ಬಂದು ಕುಳಿತಿತು. ಆ ಕೆಲಸ ಒಂದೂವರೆ ವರ್ಷ ನಡೆಯಿತು. ಅದರಲ್ಲಿ ಮೊದಲ ಐದು ತಿಂಗಳನ್ನು ನಾವೇ ಕೈಯಾರೆ ಹಾಳು ಮಾಡಿಕೊಂಡೆವು.

ನಮ್ಮ ಜಿಲ್ಲೆಗೆ ಗಾಳಿಯಂತ್ರ ಹೊಸದಲ್ಲ. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ಅವು ತಿರುಗುವುದನ್ನು ನೋಡುತ್ತಲೇ ಒಂದು ತಲೆಮಾರು ಬೆಳೆದಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಸಾಲಾಗಿ ಮಿನುಗುವ ಆ ಕೆಂಪು ದೀಪಗಳೇ ದುರ್ಗ ಬಂತೆಂಬ ಗುರುತು. ಇಲ್ಲಿನ ಗುಡ್ಡಸಾಲುಗಳು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವುದರಿಂದ ಮುಂಗಾರಿನ ಗಾಳಿ ಅವುಗಳಿಗೆ ಅಡ್ಡಲಾಗಿ ಬಂದು ಬಡಿಯುತ್ತದೆ. ಮಲೆನಾಡಿನಲ್ಲಿ ಮಳೆ ಸುರಿಸಿ ಹಗುರಾದ ಗಾಳಿ ಅದು. ಆಷಾಢದಲ್ಲಿ ಹೆಂಚು ಹಾರಿಸುವಷ್ಟು ಬೀಸಿದರೂ ನಮ್ಮ ಶೇಂಗಾ ಹೊಲಕ್ಕೆ ಹನಿ ಉದುರಿಸದೆ ಹೋಗುತ್ತದೆ. ರೈತನಿಗೆ ಬೇಡವಾದ ಆ ಗಾಳಿಯೇ ಕಂಪನಿಗಳಿಗೆ ಬೇಕಾದದ್ದು. ನಮ್ಮೂರಲ್ಲಿ ಯಾರೂ ಅವನ್ನು ಗಾಳಿಯಂತ್ರ ಎನ್ನುವುದಿಲ್ಲ, ಎಲ್ಲರ ಬಾಯಲ್ಲೂ ಅವು 'ಫ್ಯಾನು'. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಮೊದಲು ಬಂದದ್ದು ಒಂದು ಜಾಲರಿ ಕಂಬ. ಗುಡ್ಡದ ನೆತ್ತಿಯಲ್ಲಿ, ನಾಲ್ಕು ಕಡೆ ತಂತಿ ಬಿಗಿದು ನಿಲ್ಲಿಸಿದ ಆ ಕಂಬದ ತುದಿಯಲ್ಲಿ ಮೂರು ಪುಟ್ಟ ಬಟ್ಟಲುಗಳು ಸದಾ ಗಿರಗಿರ ತಿರುಗುತ್ತಿದ್ದವು. ಮೊಬೈಲ್ ಟವರ್ ಇರಬೇಕೆಂದುಕೊಂಡ ನಮ್ಮವರು ಸಿಗ್ನಲ್ ಯಾವಾಗ ಬರುತ್ತದೆಂದು ಕಾದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಗಾಳಿಯನ್ನು ಅಳೆಯುತ್ತಿತ್ತೆಂಬುದು ಮಧ್ಯವರ್ತಿಗಳು ಬಂದ ಮೇಲೆ ಗೊತ್ತಾಯಿತು. ನೆತ್ತಿಯ ಮೇಲೆ ಹುರುಳಿಯೂ ಸರಿಯಾಗಿ ಏಳದ ಕಲ್ಲು ಜಮೀನುಗಳು ಕೆಲವರ ಹೆಸರಿನಲ್ಲಿದ್ದವು. ಅವಕ್ಕೆ ಊರು ಕಂಡರಿಯದ ಬೆಲೆ ಬಂತು. ನನ್ನ ದೊಡ್ಡಪ್ಪನ ಮಗ ಮೂರು ಎಕರೆ ಕೊಟ್ಟು ಮಗಳ ಮದುವೆ ಮಾಡಿದ. ಆ ಕರಾರು ಪತ್ರದ ಪ್ರತಿ ತೆಗೆದುಕೊಟ್ಟವನು ನಾನೇ. ಕಂಪನಿಯ ಕಡೆಯವರು ತಮ್ಮ ಕಾಗದಗಳನ್ನೂ ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸುತ್ತಿದ್ದರು, ಪುಟಕ್ಕೆ ಎರಡು ರೂಪಾಯಿಯಂತೆ ನಾನೂ ತೆಗೆದುಕೊಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೊಟ್ಟವರ ಬಗ್ಗೆ ಊರಿಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ದಾರಿಯ ವಿಷಯಕ್ಕೆ. ಗುಡ್ಡದ ಹಿಂಬದಿ ಅರಣ್ಯ ಇಲಾಖೆಯದು. ಆ ಕಡೆಯಿಂದ ರಸ್ತೆ ಮಾಡಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಅನುಮತಿ ಬೇಕು, ಬದಲಿ ಅರಣ್ಯೀಕರಣಕ್ಕೆ ಹಣ ಕಟ್ಟಬೇಕು, ಕಾಯಬೇಕು. ಅದರ ಬದಲು ಮುಂಬದಿಯ ಗೋಮಾಳದಿಂದ, ಗೊಲ್ಲರಹಟ್ಟಿಯ ಪಕ್ಕದ ಬಂಡಿ ದಾರಿಯನ್ನು ಅಗಲ ಮಾಡಿಕೊಂಡು, ನಮ್ಮ ಕೆರೆಗೆ ನೀರು ತರುವ ಹಳ್ಳವನ್ನು ದಾಟಿ ಹೋಗುವುದು ಸುಲಭವೆಂದು ಅವರಿಗೆ ಕಂಡಿತು. ಒಂದು ಬೆಳಿಗ್ಗೆ ಹಟ್ಟಿಯ ಹುಡುಗರು ಕುರಿ ಹೊಡೆದುಕೊಂಡು ಹೋದಾಗ, ಬಂದರೆ ಎಂಬ ಕುರುಚಲು ಗಿಡಗಳ ನಡುವೆ ಕೆಂಪು ಬಣ್ಣ ಬಳಿದ ಕಲ್ಲುಗಳು ಸಾಲಾಗಿ ನೆಟ್ಟಿದ್ದವು.

ಅಂದು ಸಂಜೆ ಆಂಜನೇಯ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಮಾತು ಶುರುವಾದದ್ದು ಕಲ್ಲಿನಿಂದ, ಆದರೆ ಹತ್ತು ನಿಮಿಷದಲ್ಲಿ ಅದು ಆಕಾಶಕ್ಕೆ ಏರಿತು. "ಫ್ಯಾನು ಬಂದ ಊರಲ್ಲಿ ಮಳೆ ಹೋತು. ಮೋಡನೆಲ್ಲ ಹೊಡೆದು ಚೆದುರಿಸ್ತಾವೆ" ಎಂದು ಒಬ್ಬ ಹಿರಿಯರು ಹೇಳಿದ್ದೇ ತಡ, ಉಳಿದದ್ದೆಲ್ಲ ಹಿಂದೆ ಸರಿಯಿತು. ಈ ನಂಬಿಕೆ ನಮ್ಮ ಸೀಮೆಯಲ್ಲಿ ಆಳವಾಗಿ ಬೇರೂರಿದೆ, ಮಹಾರಾಷ್ಟ್ರದ ಬರಪೀಡಿತ ಹಳ್ಳಿಗಳಲ್ಲೂ ಒಂದು ಕಾಲಕ್ಕೆ ಇದೇ ಕೂಗು ಎದ್ದಿತ್ತು. ನಾನು ಅದನ್ನು ನಂಬಿರಲಿಲ್ಲ. ಫ್ಯಾನಿನ ರೆಕ್ಕೆಯ ತುದಿ ನೆಲದಿಂದ ಇನ್ನೂರು ಮೀಟರಿನೊಳಗೆ ಇರುತ್ತದೆ, ಮಳೆ ಸುರಿಸುವ ಮೋಡ ಹಲವು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತದೆ, ಅದನ್ನು ತಂದು ಕಟ್ಟುವುದು ಸಮುದ್ರದ ಮೇಲಿನಿಂದ ಹೊರಟು ನೂರಾರು ಕಿಲೋಮೀಟರ್ ಹರಡಿಕೊಂಡಿರುವ ಗಾಳಿಯ ವ್ಯವಸ್ಥೆ. ಒಂಬತ್ತು ಫ್ಯಾನುಗಳು ಅದನ್ನು ಚೆದುರಿಸುತ್ತವೆ ಎನ್ನುವುದು ಕೆರೆಯ ನೀರನ್ನು ಸೌಟಿನಿಂದ ಕದಡಿದಂತೆ. ಇಷ್ಟು ತಿಳಿದೂ ನಾನು ಸುಮ್ಮನಿದ್ದೆ. ಸಭೆಯಲ್ಲಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದ್ದು ಆ ಒಂದು ಮಾತು ಮಾತ್ರವೆಂದು ನನಗೆ ಅನ್ನಿಸಿತ್ತು. ಮರುದಿನ ನಾನು ಟೈಪ್ ಮಾಡಿದ ಮನವಿಯ ಮೊದಲ ಅಂಶವೇ ಮಳೆ. ಹುಲ್ಲುಗಾವಲು, ಹಳ್ಳ, ಬಂಡಿ ದಾರಿ, ಹಟ್ಟಿಯ ಮನೆಗಳು ಅನಂತರದ ನಾಲ್ಕು ಅಂಶಗಳಾದವು. ಇನ್ನೂರ ಹದಿನಾರು ಸಹಿ ಮತ್ತು ಹೆಬ್ಬೆಟ್ಟುಗಳೊಂದಿಗೆ ಅದನ್ನು ದುರ್ಗಕ್ಕೆ ಒಯ್ದು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆವು.

ಅರ್ಜಿಯ ಪ್ರಯಾಣ ಹೇಗಿರುತ್ತದೆಂದು ನನ್ನಂಥವನಿಗೆ ಯಾರೂ ಹೇಳಬೇಕಾಗಿಲ್ಲ. ಮೇಲಿನ ಕಚೇರಿಗೆ ಕೊಟ್ಟದ್ದು ಉಪವಿಭಾಗಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಕೊನೆಗೆ ಗ್ರಾಮ ಆಡಳಿತಾಧಿಕಾರಿಗೆ ಇಳಿಯುತ್ತದೆ. ಅವರು ಬರೆದ ವರದಿ ಅದೇ ಮೆಟ್ಟಿಲುಗಳನ್ನು ಹತ್ತುತ್ತದೆ. ಐದು ತಿಂಗಳ ನಂತರ ನಮಗೆ ಬಂದ ಹಿಂಬರಹ ಅರ್ಧ ಪುಟದ್ದು. ಗಾಳಿಯಂತ್ರಗಳಿಂದ ಮಳೆ ಕಡಿಮೆಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲದ ಕಾರಣ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ ಎಂಬುದು ಅದರ ಸಾರ. ಉಳಿದ ನಾಲ್ಕು ಅಂಶಗಳ ಹೆಸರೇ ಅದರಲ್ಲಿರಲಿಲ್ಲ. ಬರೆದವರನ್ನು ಬೈಯುವುದು ಸುಲಭವಿತ್ತು, ಬೈದೆವು ಕೂಡ. ಆದರೆ ಅವರಿಗೆ ಬಾಗಿಲು ತೆರೆದುಕೊಟ್ಟವನು ನಾನು. ಉತ್ತರ ಹೇಳಲು ಅತಿ ಸುಲಭವಾದ ಮಾತನ್ನು ಮೊದಲ ಸಾಲಿನಲ್ಲಿಟ್ಟು, ಉತ್ತರಿಸಲು ಕಷ್ಟವಾದದ್ದನ್ನು ಅದರ ನೆರಳಿನಲ್ಲಿ ಬಚ್ಚಿಟ್ಟಿದ್ದೆ.

ಎರಡನೆಯ ಸಭೆಯಲ್ಲಿ ಇದನ್ನು ಹೇಳಿದಾಗ ಜಗಳವೇ ಆಯಿತು. ನಾನು ಕಂಪನಿಯವರ ಜೆರಾಕ್ಸ್ ಮಾಡುವವನೆಂಬ ಮಾತೂ ಬಂತು. ಆಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮೂರ ಹುಡುಗನೊಬ್ಬ ಎದ್ದು ನಿಂತು ಹೊರದೇಶದ ಒಂದು ಸಂಗತಿ ಹೇಳಿದ. ದಕ್ಷಿಣ ಕೊರಿಯಾದ ಪೊಹಾಂಗ್ ಎಂಬಲ್ಲಿ ಭೂಮಿಯ ಒಳಗಿನ ಶಾಖದಿಂದ ವಿದ್ಯುತ್ ತೆಗೆಯಲು ಕಿಲೋಮೀಟರುಗಟ್ಟಲೆ ಆಳದ ಬಾವಿ ಕೊರೆದು, ಒತ್ತಡದಲ್ಲಿ ನೀರು ನುಗ್ಗಿಸುತ್ತಿದ್ದರಂತೆ. 2017ರ ನವೆಂಬರಿನಲ್ಲಿ ಅಲ್ಲಿ 5.4 ತೀವ್ರತೆಯ ಭೂಕಂಪವಾಗಿ ಮನೆಗಳು ಬಿರುಕುಬಿಟ್ಟು ಜನ ಗಾಯಗೊಂಡರು. ಹಾಗೆ ನುಗ್ಗಿಸಿದ ನೀರೇ ಆ ಕಂಪನವನ್ನು ಎಬ್ಬಿಸಿತೆಂದು 2019ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ತಜ್ಞರ ತಂಡವೇ ಹೇಳಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2006ರಲ್ಲಿ ಅಂಥದ್ದೇ ಕೆಲಸದಿಂದ ನೆಲ ನಡುಗಿ, ಯೋಜನೆಯನ್ನೇ ಕೈಬಿಡಬೇಕಾಯಿತು. "ಅಲ್ಲಿ ಹೆದರಿದ್ದು ನಿಜ ಆಯ್ತಲ್ಲಪ್ಪಾ, ನಮ್ದು ಯಾಕೆ ಸುಳ್ಳು ಅಂತೀಯ?" ಎಂದು ಹಿರಿಯರು ಕೇಳಿದರು. ಹುಡುಗ ಸ್ವಲ್ಪ ತಡವರಿಸಿದ, ಆಮೇಲೆ ಹೇಳಿದ: "ಅಜ್ಜಾ, ಅವ್ರು ನೆಲದಾಗೆ ಯಂತ್ರ ಇಟ್ಟು ಅಳೆದು ನೋಡಿದ್ರು. ನಾವು ಇನ್ನೂ ಏನನ್ನೂ ಅಳೆದೇ ಇಲ್ಲ." ಹಿರಿಯರು ಮರುಮಾತಾಡಲಿಲ್ಲ. ಒಪ್ಪಿದರೆಂದೂ ಅಲ್ಲ, ಇಂದಿಗೂ ಅವರು ಮೋಡದ ಮಾತನ್ನು ಬಿಟ್ಟಿಲ್ಲ. ಆದರೆ ಅದನ್ನು ಕಾಗದದಲ್ಲಿ ಬರೆಯುವುದು ಬೇಡವೆಂಬಲ್ಲಿಗೆ ಸಭೆ ಮುಗಿಯಿತು.

ಅಲ್ಲಿಂದ ಮುಂದೆ ಅಳತೆಯ ಕೆಲಸ. ನಮ್ಮಲ್ಲಿ ಬಹಳ ಜನ ಸಾರ್ವಜನಿಕ ಅಹವಾಲು ಸಭೆಗಾಗಿ ಕಾಯುತ್ತಿದ್ದರು. ಗಣಿಗಾರಿಕೆಗೆ ಅಂಥ ಸಭೆಗಳಾದದ್ದನ್ನು ಹೊಳಲ್ಕೆರೆ, ಹೊಸದುರ್ಗದ ಕಡೆಯ ನೆಂಟರಿಂದ ಕೇಳಿದ್ದರು. ನಾನು ವಿಚಾರಿಸಿದಾಗ ತಿಳಿದದ್ದು ಬೇರೆ. ಪರಿಸರ ಪರಿಣಾಮ ಅಧ್ಯಯನ ಮತ್ತು ಅಹವಾಲು ಯಾವ ಯಾವ ಯೋಜನೆಗಳಿಗೆ ಬೇಕೆಂದು ಹೇಳುವ 2006ರ ಕೇಂದ್ರ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ತೇ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ 2016ರಿಂದ ಅದು ಬಿಳಿ ವರ್ಗಕ್ಕೆ ಸೇರಿದೆ, ಎಂದರೆ ಹೆಚ್ಚುಕಡಿಮೆ ಮಾಲಿನ್ಯವಿಲ್ಲದ್ದು. ಹೊಗೆ ಬರುವುದಿಲ್ಲವೆಂಬುದು ನಿಜವಾದ್ದರಿಂದ ಅದನ್ನು ತಪ್ಪೆನ್ನಲಾರೆ. ಆದರೆ ಹೊಗೆಯಿಲ್ಲದ ಯಂತ್ರಕ್ಕೂ ದಾರಿ ಬೇಕು, ದಾರಿಗೆ ನೆಲ ಬೇಕು, ನೆಲದ ಮೇಲೆ ಯಾರೋ ಇರುತ್ತಾರೆ ಎಂಬುದನ್ನು ಕೇಳುವ ಸಭೆಯನ್ನು ನಮಗಾಗಿ ಯಾರೂ ಕರೆಯುವುದಿಲ್ಲವೆಂದು ಖಚಿತವಾಯಿತು.

ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಮೂವತ್ತು ದಿನದ ಗಡುವು, ಇವು ಎಲ್ಲರಿಗೂ ಗೊತ್ತು. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಕಟ್ಟುಪಾಡಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ ನೂರೈವತ್ತು ಪದದೊಳಗೆ. ಮೊದಲು ಬರೆದದ್ದನ್ನು ಇದೇ ಕಾರಣಕ್ಕೆ ಹಿಂದಿರುಗಿಸಿದರು. ನಾನು ಊರವರ ಸಿಟ್ಟನ್ನೆಲ್ಲ ಅದರಲ್ಲಿ ತುಂಬಿದ್ದೆ. ಎರಡನೆಯ ಸಲ ಮೂರು ಅರ್ಜಿಗಳನ್ನು ಬೇರೆ ಬೇರೆಯಾಗಿ ಹಾಕಿದೆವು. ಒಂದು ರಸ್ತೆಯ ನಕ್ಷೆಗೆ, ಒಂದು ಫ್ಯಾನುಗಳ ಸ್ಥಳದ ನಕ್ಷೆಗೆ, ಇನ್ನೊಂದು ಗ್ರಾಮ ಪಂಚಾಯಿತಿ ಕೊಟ್ಟ ನಿರಾಕ್ಷೇಪಣಾ ಪತ್ರಕ್ಕೆ. ಮೂರನೆಯದಕ್ಕೆ ಉತ್ತರ ಬಂದಾಗ ಅಂಗಡಿಯಲ್ಲಿ ಕುಳಿತಿದ್ದವರೆಲ್ಲ ನಕ್ಕುಬಿಟ್ಟರು. ಒಂಬತ್ತು ಫ್ಯಾನುಗಳಿಗೆ ಅಭ್ಯಂತರವಿಲ್ಲವೆಂಬ ಠರಾವು ಆಗಿದ್ದು 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು' ಎಂಬ ಕೊನೆಯ ಕಲಮಿನಲ್ಲಿ, ಬೀದಿ ದೀಪದ ಬಲ್ಬು ಖರೀದಿಯ ಕೆಳಗೆ.

ಸ್ಥಳದ ನಕ್ಷೆಯಿಂದ ನಮಗೆ ಯಂತ್ರದ ಅಳತೆ ಸಿಕ್ಕಿತು. ಕಂಬದ ಎತ್ತರ 120 ಮೀಟರ್, ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ 132 ಮೀಟರ್. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2016ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರತಿಯನ್ನು ಆ ಹುಡುಗ ತೆಗೆದುಕೊಟ್ಟ. ಅದರ ಪ್ರಕಾರ, ಸದ್ದಿನ ತೊಂದರೆ ತಪ್ಪಿಸಲು ಯಾವುದೇ ವಾಸದ ಮನೆಯಿಂದ 500 ಮೀಟರಿನೊಳಗೆ ಫ್ಯಾನು ನಿಲ್ಲಿಸುವಂತಿಲ್ಲ. ಸಾರ್ವಜನಿಕ ರಸ್ತೆ, ಕಟ್ಟಡಗಳಿಂದ ಕಂಬದ ಎತ್ತರ, ರೆಕ್ಕೆಯ ವೃತ್ತದ ಅರ್ಧ ವ್ಯಾಸ, ಅದರ ಮೇಲೆ ಐದು ಮೀಟರ್, ಇಷ್ಟನ್ನು ಕೂಡಿಸಿದಷ್ಟು ದೂರವಿರಬೇಕು. ನಮ್ಮ ಲೆಕ್ಕಕ್ಕೆ ಅದು 191 ಮೀಟರ್.

ಗೊಲ್ಲರಹಟ್ಟಿಯ ಅಂಚಿನ ಮನೆಯಿಂದ ಮೂರನೆಯ ಫ್ಯಾನಿನ ಕಲ್ಲಿಗೆ ಎಷ್ಟು ದೂರ? ಮೊಬೈಲಿನಲ್ಲಿ ನೋಡಬಹುದಿತ್ತು, ನೋಡಿದೆವು ಕೂಡ. ಆದರೆ ಕಚೇರಿಯವರಿಗೆ ಅವರದೇ ಭಾಷೆಯಲ್ಲಿ ಹೇಳಬೇಕೆಂದು ನಿವೃತ್ತ ಭೂಮಾಪಕರೊಬ್ಬರನ್ನು ಕರೆತಂದೆವು. ಅವರು ತಮ್ಮ ಹಳೆಯ ಸರಪಳಿಯನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಮೂವತ್ತಮೂರು ಅಡಿಯ ಸರಪಳಿ, ಅದರ ಚದರವೇ ಒಂದು ಗುಂಟೆ. 500 ಮೀಟರ್ ಎಂದರೆ ಐವತ್ತು ಸರಪಳಿಗೆ ಕೂದಲೆಳೆ ಕಡಿಮೆ. ಮನೆಯ ಹೊಸ್ತಿಲಿನಿಂದ ಹಿಡಿಯಬೇಕೋ, ಗೋಡೆಯಿಂದ ಹಿಡಿಯಬೇಕೋ ಎಂದು ಚರ್ಚೆಯಾಗಿ, ನಮಗೆ ನಷ್ಟವಾಗುವ ಕಡೆಯಿಂದಲೇ ಹಿಡಿಯಿರಿ, ನಾಳೆ ಮಾತು ಬರಬಾರದು ಎಂದು ಅವರೇ ಹೇಳಿ ಹಿಂಬದಿಯ ಗೋಡೆಗೆ ಒತ್ತಿ ಹಿಡಿಸಿದರು. ಕಾರೆ ಮುಳ್ಳಿನ ನಡುವೆ, ಸೀತಾಫಲದ ಗಿಡಗಳನ್ನು ಬಾಗಿಸಿಕೊಂಡು, ಇಬ್ಬರು ಹುಡುಗರು ಸರಪಳಿ ಎಳೆದರು. ಪ್ರತಿ ಸರಪಳಿಗೂ ಒಂದೊಂದು ಕಡ್ಡಿ ನೆಡುತ್ತ, ಹಿಂದಿನವನು ಕಿತ್ತುಕೊಳ್ಳುತ್ತ ಹೋದರು. ಆ ಮನೆಯ ಅಜ್ಜಿ ತಾನೂ ಎಣಿಸುತ್ತ ಹಿಂದೆಯೇ ಬಂದಳು. ಕಲ್ಲು ಮುಟ್ಟಿದಾಗ ಹಿಂದಿನವನ ಕೈಯಲ್ಲಿ ಮೂವತ್ತೆಂಟು ಕಡ್ಡಿಗಳಿದ್ದವು. ಎಂದರೆ 382 ಮೀಟರ್. ಅಜ್ಜಿಯ ಲೆಕ್ಕದಲ್ಲಿ ಮೂವತ್ತೇಳಾಗಿತ್ತು. ಒಂದು ತಪ್ಪಿಸಿದ್ದೀರೆಂದು ಅವಳು ಹುಡುಗರೊಂದಿಗೆ ಜಗಳವಾಡಿದ್ದರಿಂದ ಇನ್ನೊಮ್ಮೆ ಅಳೆದೆವು. ಮೂವತ್ತೆಂಟೇ.

ಗೋಮಾಳದ ಲೆಕ್ಕ ಇಷ್ಟು ಸಂತೋಷದ್ದಾಗಿರಲಿಲ್ಲ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಸುಮಾರು 30 ಎಕರೆ, ಉಚಿತ ಹುಲ್ಲುಗಾವಲು ಬಿಡಬೇಕು. ನಾವು ಮನೆ ಮನೆ ತಿರುಗಿ ಎಣಿಸಿದಾಗ ದನ, ಎಮ್ಮೆ ಸೇರಿ 430 ಇದ್ದವು. ಕುರಿಗಳನ್ನು ಬಿಟ್ಟೇ 128 ಎಕರೆ ಬೇಕು. ಪಹಣಿಯಲ್ಲಿ 164 ಎಕರೆ ಗೋಮಾಳವಿದೆ. ಇಷ್ಟಕ್ಕೆ ನಿಂತರೆ, ರಸ್ತೆಗೆ ಏಳೆಂಟು ಎಕರೆ ಕೊಟ್ಟರೂ ಉಳಿಯುತ್ತದೆಂದು ಕಂಪನಿಯವರು ಹೇಳಬಹುದಿತ್ತು. ನೆಲದ ಮೇಲೆ ನಡೆದು ನೋಡಿದರೆ ದನ ನಿಲ್ಲಬಹುದಾದ ಜಾಗ 90 ಎಕರೆಯನ್ನೂ ದಾಟುವುದಿಲ್ಲ. ಉಳಿದದ್ದನ್ನು ಉತ್ತವರು ನಾವೇ. ಸಹಿ ಹಾಕಿದ ಇನ್ನೂರ ಹದಿನಾರು ಜನರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಅದೇ ಗೋಮಾಳದಲ್ಲಿ ಸಾಗುವಳಿ ಮಾಡಿ ನಮೂನೆ 57ರಲ್ಲಿ ಸಕ್ರಮಕ್ಕೆ ಅರ್ಜಿ ಹಾಕಿದ್ದರು. ಅವುಗಳಲ್ಲಿ ಅರ್ಧದಷ್ಟನ್ನು ತುಂಬಿದವನೂ ನಾನೇ. ಗೋಮಾಳ ಉಳಿಸಿ ಎನ್ನುವ ಕಾಗದ ಮತ್ತು ಗೋಮಾಳ ಕೊಡಿ ಎನ್ನುವ ಕಾಗದ ಒಂದೇ ಕಂಪ್ಯೂಟರಿನಿಂದ ಹೊರಟಿದ್ದವು. ಇದನ್ನು ಮುಚ್ಚಿಡೋಣವೆಂದು ಕೆಲವರು ಹೇಳಿದರು. ಹಟ್ಟಿಯ ಯಜಮಾನರು ಒಪ್ಪಲಿಲ್ಲ. "ಬರೀರಿ, ಇದ್ದಿದ್ದನ್ನ ಇದ್ದಂಗೆ ಬರೀರಿ. ನಮ್ ಕುರಿ ಮೇಯಾಕೆ ಜಾಗ ಕಮ್ಮಿ ಆಗಿರೋದೇ ನಿಮ್ ನೇಗಿಲಿಂದ" ಎಂದರು. ಹಾಗೆಯೇ ಬರೆದೆವು: ಇಷ್ಟು ಒತ್ತುವರಿಯಾಗಿದೆ, ಉಳಿದದ್ದು ಇಷ್ಟು, ಅದರಲ್ಲಿ ರಸ್ತೆ ನುಂಗುವುದು ಇಷ್ಟು.

ಇನ್ನೊಂದು ಪ್ರಲೋಭನೆಯನ್ನೂ ಹೇಳಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿಯೇ 2011ರಲ್ಲಿ ವನ್ಯಜೀವಿಧಾಮ ಘೋಷಣೆಯಾಗಿದೆ. ನಮ್ಮ ಗುಡ್ಡದಲ್ಲೂ ಕೊಂಡುಕುರಿ ಇದೆಯೆಂದು ಬರೆದರೆ ಯೋಜನೆಯೇ ನಿಲ್ಲುತ್ತದೆಂದು ಯಾರೋ ಸಲಹೆ ಕೊಟ್ಟರು. ನಾಲ್ಕು ಕೊಂಬಿನ ಆ ಜಿಂಕೆಯನ್ನು ನಮ್ಮ ಗುಡ್ಡದಲ್ಲಿ ಕಂಡವರು ಯಾರೆಂದು ಕೇಳಿದೆ. ಒಬ್ಬರೂ ಇರಲಿಲ್ಲ. ನವಿಲು, ಮೊಲ, ಮುಳ್ಳುಹಂದಿ ಕಂಡವರಿದ್ದರು, ಅವನ್ನಷ್ಟೇ ಬರೆದೆ.

ಗ್ರಾಮಸಭೆಗೆ ಒತ್ತಾಯಿಸಿ ಎರಡು ತಿಂಗಳು ಅಲೆದೆವು. ಕೋರಂ ಆಗಬೇಕಾದರೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಇರಬೇಕು. ಮೊದಲ ಸಭೆ ಈರುಳ್ಳಿ ಕೀಳುವ ದಿನಗಳಲ್ಲಿ ಬಿದ್ದು ಕೋರಂ ಇಲ್ಲದೆ ಮುಂದೆ ಹೋಯಿತು. ಎರಡನೆಯದಕ್ಕೆ ಹಟ್ಟಿಯ ಹೆಂಗಸರೇ ಅರವತ್ತು ಜನ ಬಂದರು. ಅಲ್ಲಿ ಆದ ಠರಾವು ಯೋಜನೆಯನ್ನು ಬೇಡವೆನ್ನಲಿಲ್ಲ. ಮೂರನೆಯ ಮತ್ತು ಐದನೆಯ ಫ್ಯಾನುಗಳ ಜಾಗ ಬದಲಾಯಿಸಬೇಕು, ರಸ್ತೆ ಹಳ್ಳವನ್ನು ದಾಟುವಲ್ಲಿ ಮಣ್ಣು ಸುರಿಯದೆ ಸೇತುವೆ ಕಟ್ಟಬೇಕು, ಬಂಡಿ ದಾರಿ ಊರಿನದಾಗಿಯೇ ಉಳಿಯಬೇಕು ಎಂದಷ್ಟೇ ಹೇಳಿತು. ಪೂರ್ತಿ ಬೇಡವೆನ್ನಬೇಕಿತ್ತೆಂದು ಈಗಲೂ ನನ್ನನ್ನು ಬೈಯುವವರಿದ್ದಾರೆ. ಬೋರ್‌ವೆಲ್ಲಿಗೆ ಹಗಲು ತ್ರೀ ಫೇಸ್ ಕರೆಂಟು ಕೊಡಿ ಎಂದು ವರ್ಷಕ್ಕೆ ಇಪ್ಪತ್ತು ಮನವಿ ಟೈಪ್ ಮಾಡುವ ನನಗೆ, ಕರೆಂಟು ಎಲ್ಲಾದರೂ ಹುಟ್ಟಲಿ ನಮ್ಮಲ್ಲಿ ಮಾತ್ರ ಬೇಡ ಎಂದು ಬರೆಯಲು ಕೈ ಬರಲಿಲ್ಲ.

ಉಪವಿಭಾಗದ ಅಧಿಕಾರಿಗಳು ಜಂಟಿ ಸರ್ವೆಗೆ ಆದೇಶಿಸಿದರು. ಕಂದಾಯ, ಭೂಮಾಪನ, ಸಣ್ಣ ನೀರಾವರಿ ಇಲಾಖೆಗಳವರು, ಕಂಪನಿಯವರು, ನಾವು ಹದಿನೈದು ಜನ ಬಿಸಿಲಿನಲ್ಲಿ ಗುಡ್ಡ ಹತ್ತಿದೆವು. ಅವರ ಯಂತ್ರ 380 ಮೀಟರ್ ತೋರಿಸಿತು. ನಮ್ಮ ಭೂಮಾಪಕರು ಏನೂ ಹೇಳದೆ ಎಲೆ ಅಡಿಕೆ ಬಾಯಿಗಿಟ್ಟುಕೊಂಡರು. ಮೂರನೆಯ ಫ್ಯಾನು ಅಲ್ಲಿಗೆ ರದ್ದಾಗಿ ನೆತ್ತಿಯ ಆಚೆ ಬದಿಗೆ ಸರಿಯಿತು. ಐದನೆಯದರಲ್ಲಿ ಸೋತೆವು. ಅದು ಬಂಡಿ ದಾರಿಯಿಂದ 140 ಮೀಟರ್ ಮಾತ್ರವಿತ್ತು. ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕೆ ಗೆರೆಯಲ್ಲಿ ತೋರಿಸಿದ, ಸಾರ್ವಜನಿಕ ಬಳಕೆಗೆಂದು ಬಿ ಖರಾಬಿನಲ್ಲಿ ಬಿಟ್ಟ ದಾರಿಯೇ ಅದೆಂದು ನಾವು ವಾದಿಸಿದೆವು. ಬಂಡಿ ಜಾಡು ಮಾರ್ಗಸೂಚಿ ಹೇಳುವ ಸಾರ್ವಜನಿಕ ರಸ್ತೆಯಲ್ಲವೆಂದು ತೀರ್ಮಾನವಾಯಿತು. ಬಿ ಖರಾಬು ಸಾರ್ವಜನಿಕರದು, ಆದರೆ ಸಾರ್ವಜನಿಕ ರಸ್ತೆಯಲ್ಲ ಎಂಬ ಆ ವ್ಯತ್ಯಾಸ ನನಗೆ ಇಂದಿಗೂ ಅರ್ಥವಾಗಿಲ್ಲ.

ಹುಣಸೆ ಮರಗಳ ಪ್ರಸಂಗ ಮಾತ್ರ ಸಲೀಸಾಗಿ ಬಗೆಹರಿಯಿತು. ಅರವತ್ತು ಮೀಟರಿಗೂ ಉದ್ದದ ಒಂದೊಂದು ರೆಕ್ಕೆಯನ್ನು ಹೊತ್ತ ಲಾರಿ ಊರ ಬಾಗಿಲಿನ ತಿರುವಿನಲ್ಲಿ ಹೊರಳಬೇಕಾದರೆ ಎರಡು ಮರ ಕಡಿಯಬೇಕಿತ್ತು. ತಿರುವಿನಾಚೆಯ ಕೊಯ್ಲಾದ ಮೆಕ್ಕೆಜೋಳದ ಹೊಲದೊಳಗೆ ತಾತ್ಕಾಲಿಕ ದಾರಿ ಮಾಡಿ, ಹೊಲದವನಿಗೆ ಒಂದು ಬೆಳೆಯ ಹಣ ಕೊಟ್ಟರು. ಮೊದಲ ರೆಕ್ಕೆ ಬಂದ ರಾತ್ರಿ, ಅದುವರೆಗೆ ಧಿಕ್ಕಾರ ಕೂಗಿದವರೂ ಸೇರಿ, ಊರಿಗೆ ಊರೇ ಕಂಬಳಿ ಹೊದ್ದು ನಿಂತು ನೋಡಿತು.

ತಂತಿಯ ವಿಷಯದಲ್ಲಿ ನಾವು ಎಚ್ಚರ ತಪ್ಪಿದೆವು. ಹೊಲದ ಮೇಲೆ ವಿದ್ಯುತ್ ಮಾರ್ಗ ಹೋದರೆ ಗೋಪುರದ ಅಡಿಯ ಜಾಗಕ್ಕೆ ಭೂಮಿಯ ಬೆಲೆಯ ಶೇ. 200, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಪರಿಹಾರವೆಂದು ಕೇಂದ್ರ ಇಂಧನ ಸಚಿವಾಲಯ 2024ರ ಜೂನಿನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಅದನ್ನು ಹಿಡಿದುಕೊಂಡು ಹತ್ತು ಜನ ರೈತರು ಕುಣಿದಾಡಿದರು, ನಾನೂ ಪ್ರತಿ ತೆಗೆದು ಹಂಚಿದೆ. ಆದರೆ ಅದು 66 ಕೆ.ವಿ. ಮತ್ತು ಅದಕ್ಕಿಂತ ಹೆಚ್ಚಿನ ಮಾರ್ಗಗಳಿಗೆ ಮಾತ್ರ. ಫ್ಯಾನುಗಳಿಂದ ಉಪಕೇಂದ್ರಕ್ಕೆ ಹೋಗುವ ನಮ್ಮ ಮಾರ್ಗ 33 ಕೆ.ವಿ. ಆಗಿತ್ತು. ಕಂಬಕ್ಕೆ ಇಷ್ಟೆಂದು ಚೌಕಾಸಿ ಮಾಡಿ ಕೊಟ್ಟಷ್ಟನ್ನು ಪಡೆಯಬೇಕಾಯಿತು. ಬಾಯಿ ಜೋರಿದ್ದವನಿಗೆ ಹೆಚ್ಚು, ವಿಧವೆಯೊಬ್ಬಳಿಗೆ ಅದರ ಮೂರನೇ ಒಂದು ಭಾಗ. ಆ ಸಾಲನ್ನು ಮೊದಲೇ ಓದಿ ಹೇಳಬೇಕಾಗಿದ್ದವನು ನಾನು.

ಈಗ ಒಂಬತ್ತೂ ತಿರುಗುತ್ತಿವೆ. ಸರಿದು ಹೋದ ಮೂರನೆಯದರ ಸದ್ದು ಹಟ್ಟಿಗೆ ಕೇಳುವುದಿಲ್ಲ, ಐದನೆಯದರದು ಗಾಳಿ ಜೋರಾದ ರಾತ್ರಿಗಳಲ್ಲಿ ಯಾರೋ ದೂರದಲ್ಲಿ ಮೊರದಿಂದ ಕೇರಿದಂತೆ ಕೇಳುತ್ತದೆ. ಮೂರನೆಯದಕ್ಕೆ ನೆಟ್ಟಿದ್ದ ಕೆಂಪು ಕಲ್ಲನ್ನು ಕಿತ್ತು ತಂದು ಅಜ್ಜಿ ಬಟ್ಟೆ ಒಗೆಯಲು ಹಾಕಿಕೊಂಡಿದ್ದಾಳೆ, ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ. ಹಳ್ಳಕ್ಕೆ ಸೇತುವೆಯ ಬದಲು ಕೊಳವೆ ಹಾಕಿ ಮಣ್ಣು ಮುಚ್ಚಿದ್ದಾರೆ. ಜಂಟಿ ಸರ್ವೆಯ ನಡಾವಳಿಯಲ್ಲಿ ಎರಡು ಸಾಲು ಕೊಳವೆ ಎಂದಿದೆ, ನೆಲದ ಮೇಲೆ ಒಂದೇ ಸಾಲು ಇದೆ. ಕಳೆದ ಹಿಂಗಾರಿನ ಒಂದು ಜೋರು ಮಳೆಗೆ ನೀರು ಹಿಂದೆ ನಿಂತು ಇಬ್ಬರ ಶೇಂಗಾ ಕೊಳೆಯಿತು, ಕೆರೆಗೆ ಬರಬೇಕಾದ ನೀರು ತಡವಾಗಿ ಬಂತು. ಆ ದಿನ ಮೋಡದ ಹಿರಿಯರು ನನ್ನ ಅಂಗಡಿಗೆ ಬಂದು, "ಮಳೆಯೇನೋ ಬಂತಲ್ಲಪ್ಪಾ" ಎಂದು ತಾವೇ ನಕ್ಕು, ಒಂದು ಪೋಸ್ಟಲ್ ಆರ್ಡರ್ ಮೇಜಿನ ಮೇಲಿಟ್ಟರು. ಕೊಳವೆಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೇಳುವ ಅರ್ಜಿಯನ್ನು ಅವರ ಹೆಸರಿನಲ್ಲೇ ಟೈಪ್ ಮಾಡಿದೆ. ಒಂದೇ ವಿಷಯ, ನೂರ ನಲವತ್ತಮೂರು ಪದ. ಕೊಟ್ಟು ಇಂದಿಗೆ ಇಪ್ಪತ್ತಾರು ದಿನ.